ಎಡಗಿವಿಯ ಮೇಲಿನ ಕೂದಲು

ಮಾರ್ಚ್ ೧೧, ಮಂಗಳವಾರ
ಅಂಗಡಿಯಿಂದ

ಅಪ್ಪಾ,

ನಾಲ್ಕು ತಿಂಗಳಿಂದ ನಿನಗೆ ಒಂದು ವಿಷಯ ಮುಚ್ಚಿಟ್ಟಿದ್ದೇನೆ. ಅದನ್ನು ಮೊದಲು ಬರೆದುಬಿಡುತ್ತೇನೆ. ಇಲ್ಲದಿದ್ದರೆ ಕ್ಷೇಮ ಸಮಾಚಾರ ಬರೆಯುತ್ತಲೇ ಹಾಳೆ ಮುಗಿದುಹೋಗುತ್ತದೆ, ನನ್ನ ಧೈರ್ಯವೂ ಮುಗಿಯುತ್ತದೆ. ಔಷಧಿ ಅಂಗಡಿಯ ಮೇಲಿನ ಮನೆಯಲ್ಲಿರುವ ರೈಲಜ್ಜನ ತಲೆಯಲ್ಲಿ ಏಟಿನ ಗಾಯ ಇತ್ತು. ನಾನು ಕಂಡೆ. ಕಂಡು, ಬೇರೆ ಯಾರಿಗೂ ಕಾಣದ ಹಾಗೆ ಅದರ ಮೇಲೆ ಕೂದಲು ಬಾಚಿದೆ. ಮೂರು ಸಲ ಬಾಚಿದೆ.

ಈಗ ಉಳಿದದ್ದು. ನಾನು ಚೆನ್ನಾಗಿದ್ದೇನೆ. ನಿನ್ನ ಎರಡು ಪತ್ರಕ್ಕೂ ಉತ್ತರ ಹಾಕಲಿಲ್ಲ, ತಪ್ಪಾಯಿತು. ಬರೆಯಲು ಕೂತಾಗಲೆಲ್ಲ ಸುಳ್ಳು ಬರೆಯಬೇಕಾಗುತ್ತಿತ್ತು, ಅದಕ್ಕೇ ಎದ್ದುಬಿಡುತ್ತಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಫೋನು ಸದಾ ಅಕ್ಕನ ಮಗನ ಕೈಯಲ್ಲಿರುತ್ತದೆ. ಹೋದ ವಾರ ಮಾಡಿದಾಗ ಅವನು ಹತ್ತು ನಿಮಿಷ ನನಗೆ ಹುಲಿ ಕೂಗುವುದು ಹೇಗೆ ಅಂತ ಕೇಳಿಸಿ, ‘ತಾತ ಮಲಗಿದಾರೆ’ ಅಂತ ಇಟ್ಟುಬಿಟ್ಟ. ನಿನ್ನ ಕೈ ನಡುಕ ಹೇಗಿದೆ? ಮಾತ್ರೆ ತಪ್ಪಿಸಬೇಡ. ಅಕ್ಕ ಬೈದರೆ ಬೈಸಿಕೋ, ನಿನಗೆ ಒಳ್ಳೆಯದು.

ನಮ್ಮ ಕಟಿಂಗ್ ಅಂಗಡಿ ಹಾಗೇ ಇದೆ, ಔಷಧಿ ಅಂಗಡಿಯ ಎದುರಿಗೆ, ಎರಡು ಕುರ್ಚಿ, ಎರಡು ಕನ್ನಡಿ. ನೀನು ಅಕ್ಕನ ಮನೆಗೆ ಹೋದ ಮೇಲೆ ನಾನು ಒಂದು ವರ್ಷ ಒಂದೇ ಕೆಲಸದಲ್ಲಿ ನಿಂತಿದ್ದೇನೆ ಅಂತ ಬೀದಿಯಲ್ಲೆಲ್ಲ ಆಶ್ಚರ್ಯ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬೇಕರಿಯಲ್ಲಿ ಮೂರು ತಿಂಗಳು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಎರಡು, ಪಾರ್ಸೆಲ್ ಹಂಚುವ ಕೆಲಸದಲ್ಲಿ ಹದಿನೇಳು ದಿನ. ನನಗೆ ‘ಪಾದರಸ’ ಅಂತ ಹೆಸರಿಟ್ಟವರೇ ರೈಲಜ್ಜ, ನೆನಪಿದೆಯಲ್ಲ? ‘ಒಂದು ಕಡೆ ನಿಲ್ಲಲ್ಲ, ಕೈಗೆ ಸಿಗಲ್ಲ’ ಅಂದಿದ್ದರು. ಕತ್ತರಿ ಹಿಡಿದ ಮೇಲೆ ಮಾತ್ರ ನಾನು ನಿಂತೆ. ತಲೆಗಳು ನನಗೆ ಬೇಸರ ತರಿಸುವುದಿಲ್ಲ. ಒಂದರ ಹಾಗೆ ಇನ್ನೊಂದಿಲ್ಲ.

ನವೆಂಬರಿನಿಂದ ಹೇಳುತ್ತೇನೆ.

ಅಜ್ಜನ ಮಗಳು ಪ್ರತಿ ತಿಂಗಳ ಕೊನೆಯ ಭಾನುವಾರ ಅಪ್ಪನನ್ನು ನೋಡಲು ಬರುತ್ತಾಳೆ. ಅವತ್ತು ಬೆಳಗ್ಗೆಯೇ ಮಗ, ನಮ್ಮ ಮೆಡಿಕಲ್ ಸಾರ್, ಕಟಿಂಗಿಗೆ ಕರೆಸುತ್ತಾರೆ. ಅದು ನಿನ್ನ ಕಾಲದಿಂದ ಬಂದದ್ದೇ, ನಿನಗೆ ಗೊತ್ತು. ಮೆಡಿಕಲ್ ಸಾರ್ ಅಂದರೆ ಬೀದಿಗೇ ಪ್ರೀತಿ. ಮಾತ್ರೆಯ ಪಟ್ಟಿಯ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುವ ಮನುಷ್ಯ. ಅಪ್ಪನನ್ನು ನೋಡಿಕೊಳ್ಳಲು ಮದುವೆಯನ್ನೇ ಬಿಟ್ಟವರು ಅಂತ ಹೊಗಳದ ಬಾಯಿಲ್ಲ. ನಾನೂ ಹೊಗಳಿದ್ದೇನೆ.

ಆ ಭಾನುವಾರ ಅವರೇ ನನ್ನನ್ನು ಮೆಟ್ಟಿಲು ಹತ್ತಿಸಿಕೊಂಡು ಹೋದರು. ಹೋಗುವಾಗ ಮೆಲ್ಲಗೆ ಅಂದರು, ‘ನೋಡಮ್ಮ, ಮೊನ್ನೆ ಬಾತ್‌ರೂಮಲ್ಲಿ ಜಾರಿದ್ರು. ಕಿವಿ ಮೇಲೆ ಸ್ವಲ್ಪ ಗಾಯ ಆಗಿದೆ. ನಮ್ಮಕ್ಕ ನೋಡಿದ್ರೆ ಸುಮ್ನೆ ಗಾಬರಿ ಆಗ್ತಾಳೆ. ಸ್ವಲ್ಪ ಮರೆ ಮಾಡಿಬಿಡು, ನಿನ್ನ ಕೈಲಿ ಆಗದ್ದೇನಿದೆ?’

ಆ ಕೊನೆಯ ಮಾತಿಗೆ ನಾನು ಉಬ್ಬಿಹೋದೆ ಅಪ್ಪ. ನಿಜ ಹೇಳುತ್ತೇನೆ. ಎಡಗಿವಿಯ ಮೇಲೆ ಬೆರಳುದ್ದದ ಗೆರೆ, ಒಣಗಿದ ರಕ್ತ. ನೆತ್ತಿಯ ಕೂದಲನ್ನು ಆ ಕಡೆ ಇಳಿಸಿ, ತುದಿಯನ್ನು ಮೆಟ್ಟಿಲಾಗಿ ಕತ್ತರಿಸಿ, ಒದ್ದೆ ಬಾಚಣಿಗೆಯಲ್ಲಿ ಕೂರಿಸಿದೆ. ಗಾಳಿ ಬೀಸಿದರೂ ಏಳದ ಹಾಗೆ. ಕೆಳಗಿಳಿಯುವಾಗ ಶಿಳ್ಳೆ ಹಾಕಿಕೊಂಡು ಇಳಿದೆ.

ಡಿಸೆಂಬರಿನಲ್ಲಿ ಕಿವಿಯ ಹಿಂದೆ ನೀಲಿ. ಮತ್ತೆ ಬಾತ್‌ರೂಮು. ಅಲ್ಲಪ್ಪ, ಬಿದ್ದವರ ತಲೆ ನಾವು ನೋಡಿಲ್ಲವೇ? ಸೈಕಲ್ಲಿನಿಂದ ಬಿದ್ದವರು, ಏಣಿಯಿಂದ ಬಿದ್ದವರು, ಕುಡಿದು ಚರಂಡಿಗೆ ಬಿದ್ದವರು. ಬಿದ್ದವನಿಗೆ ಹಣೆ ಒಡೆಯುತ್ತದೆ, ಹುಬ್ಬು ಹರಿಯುತ್ತದೆ, ಹಿಂದಲೆ ಊದುತ್ತದೆ, ಅಂಗೈ ತರಚುತ್ತದೆ. ಕಿವಿಯ ಹಿಂದಿನ ಗುಳಿಗೆ ನೆಲ ತಾಗುವುದು ಹೇಗೆ? ಅದರ ಪಕ್ಕದಲ್ಲೇ ನಾಣ್ಯದಗಲದ ಜಾಗದಲ್ಲಿ ಕೂದಲು ಇರಲಿಲ್ಲ. ಉದುರಿದ ಜಾಗ ನುಣ್ಣಗಿರುತ್ತದೆ, ಅದನ್ನು ನೀನೇ ಬೆರಳಾಡಿಸಿ ಕಲಿಸಿದ್ದು. ಇಲ್ಲಿ ಬೆರಳಿಗೆ ಮೋಟು ಕೂದಲು ಚುಚ್ಚುತ್ತಿತ್ತು, ಒಂದೊಂದು ಒಂದೊಂದು ಉದ್ದ. ಅದು ಕಿತ್ತ ಜಾಗ. ಯಾರೋ ಮುಷ್ಟಿಯಲ್ಲಿ ಹಿಡಿದು ಎಳೆದದ್ದು.

ಕಂಡೆ, ಬಾಚಿದೆ, ಬಂದೆ. ನೀನು ಮೊದಲ ದಿನವೇ ಹೇಳಿಕೊಟ್ಟ ಮಾತು ತಲೆಯಲ್ಲಿತ್ತು: ಕುರ್ಚಿಯಲ್ಲಿ ಕೂತವನ ತಲೆಯ ವಿಷಯ ಹೊರಗೆ ಆಡಬಾರದು, ಹೇನಾಗಲಿ, ಹುಣ್ಣಾಗಲಿ, ಬಕ್ಕತಲೆಯಾಗಲಿ. ವಿಗ್ ಹಾಕುವ ಪುರಸಭೆ ಅಧ್ಯಕ್ಷರ ಗುಟ್ಟನ್ನು ನೀನು ಇಪ್ಪತ್ತು ವರ್ಷ ಕಾಪಾಡಿದ್ದನ್ನು ನಾನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಳ್ಳಬೇಕು ಅನ್ನಿಸಿ, ಹೇಳಲಾರದೆ ಒದ್ದಾಡಿದವಳು. ಆ ನಿಯಮ ನನಗೆ ದೊಡ್ಡದಾಗಿತ್ತು.

ಜನವರಿಯಲ್ಲಿ ಆ ಕೋಣೆಯನ್ನು ಕಣ್ಣು ಬಿಟ್ಟು ನೋಡಿದೆ. ಬಾಗಿಲಿಗೆ ಹೊಸ ಚಿಲಕ, ಹೊರಗಡೆಯಿಂದ. ನೀರಿನ ಲೋಟ ಕಪಾಟಿನ ಮೇಲೆ, ಮಂಚದಿಂದ ನಾಲ್ಕು ಹೆಜ್ಜೆ ದೂರ. ಊರುಗೋಲು ಇಲ್ಲ. ಕಿವಿಯಲ್ಲಿ ಕೇಳಿಸುವ ಮಷೀನಿಲ್ಲ. ಅಂಗಿಯ ಕಾಲರಿನೊಳಗೆ ಇನ್ನೊಂದು ಕುತ್ತಿಗೆ ತೂರಿಸಬಹುದು, ಅಷ್ಟು ಇಳಿದುಹೋಗಿದ್ದಾರೆ. ಬೆಳಗಿನ ಹತ್ತು ಗಂಟೆಗೆ ಕಣ್ಣು ಎಳೆಯುತ್ತಿದೆ, ಮಾತು ತೊದಲುತ್ತಿದೆ. ನಾನು ಕಪಾಟಿನ ಮೇಲಿಟ್ಟಿದ್ದ ಬಾಚಣಿಗೆ ತೆಗೆದುಕೊಳ್ಳಲು ಕೈ ಎತ್ತಿದೆ, ಅಷ್ಟೇ. ಅಜ್ಜ ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡು ಕುರ್ಚಿಯಲ್ಲಿ ಕುಗ್ಗಿ ಕೂತರು.

ನಾನು ಕೈಯನ್ನು ಗಾಳಿಯಲ್ಲೇ ಇಟ್ಟುಕೊಂಡು ನಿಂತೆ. ಇಳಿಸಲೂ ಹೆದರಿಕೆ.

ಗಟ್ಟಿಯಾಗಿ ಕೇಳಿದರೆ ಕೆಳಗಿನ ಅಂಗಡಿಗೆ ಕೇಳಿಸುತ್ತದೆ. ಕೂದಲು ಬೀಳಲೆಂದು ನೆಲಕ್ಕೆ ಹಾಸಿದ್ದ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದೆ: ಯಾರು ಹೊಡೆದದ್ದು?

ಓದಿದರು. ಓದಿ ಸಣ್ಣಗೆ ನಕ್ಕರು. ‘ಸ್ಕೂಲು ಬಿಟ್ಟೋಳು ಅಂದ್ರು, ಅಕ್ಷರ ಮುತ್ತಿನ ಹಾಗಿದೆಯಲ್ಲೇ ಪಾದರಸ.’

ನಾನು ಪ್ರಶ್ನೆಯ ಕೆಳಗೆ ಗೆರೆ ಎಳೆದೆ.

‘ಅವನಿಗೂ ದಿನವಿಡೀ ನಿಂತು ನಿಂತು ಸಾಕಾಗಿರುತ್ತೆ ಕಣೇ. ನಾನು ಒಂದೇ ಮಾತು ನಾಲ್ಕು ಸಲ ಕೇಳ್ತೀನಿ. ಹಾಸಿಗೆ ಒದ್ದೆ ಮಾಡ್ತೀನಿ. ಕೋಪ ಬರಲ್ವೇನು?’ ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡರು. ‘ಬಾಚಿಬಿಡು. ಮಗಳು ಬರೋ ಹೊತ್ತಾಯ್ತು.’

ಗೊತ್ತಿದ್ದೂ ಗೊತ್ತಿದ್ದೂ ಮೂರನೇ ಸಲ ಬಾಚಿದೆ. ಮೊದಲ ಎರಡಕ್ಕೆ ನಾನು ದಡ್ಡಿ ಅಂತ ನೆಪ ಹೇಳಬಹುದು. ಮೂರನೆಯದಕ್ಕೆ ಏನೂ ಇಲ್ಲ.

ಮಾರನೆಯ ದಿನ ಹೆಡ್ ಕಾನ್‌ಸ್ಟೆಬಲ್ಲು ಶೇವಿಂಗಿಗೆ ಬಂದರು. ಸೋಪು ಹಚ್ಚುತ್ತಾ ಕೇಳಿದೆ, ‘ಸಾರ್, ಒಬ್ಬ ಮಗ ಅಪ್ಪನ್ನ ಹೊಡೀತಾನೆ ಅಂತ ಗೊತ್ತಾದ್ರೆ ಏನ್ಮಾಡ್ಬೇಕು?’

‘ಯಾರ ಮಗ?’

‘ಯಾರೋ.’

‘ಯಾರೋ ಆದ್ರೆ ಯಾರೋ ನೋಡ್ಕೋತಾರೆ. ಮೀಸೆ ಹುಷಾರು.’

ಯಾರೆಂದು ಹೇಳಿದೆ. ನೊರೆ ಕನ್ನಡಿಗೆ ಹಾರುವ ಹಾಗೆ ನಕ್ಕರು. ‘ಅವ್ರಾ? ನಮ್ಮಮ್ಮನಿಗೆ ಶುಗರ್ ಮಾತ್ರೆ ಮನೆ ಬಾಗಿಲಿಗೆ ತಂದುಕೊಡ್ತಾರೆ ಮಾರಾಯ್ತಿ. ನನಗೂ ಅಂಥ ಮಗ ಹುಟ್ಲಿ.’

‘ಹುಟ್ಲಿ ಸಾರ್. ಆದ್ರೆ ನಿಮ್ಮ ಎಡಗಿವಿ ಹುಷಾರು.’

ನಗು ನಿಂತಿತು. ‘ನೋಡು, ಕಂಪ್ಲೇಂಟು ಕೊಡೋದಾದ್ರೆ ಆ ಮುದುಕನೇ ಸ್ಟೇಷನ್ನಿಗೆ ಬಂದು ಕೊಡಲಿ.’

‘ಹೊರಗಡೆಯಿಂದ ಚಿಲಕ ಹಾಕಿದ್ರೆ ಹೇಗೆ ಬರ್ತಾರೆ ಸಾರ್? ಕಿಟಕಿಯಿಂದ ಹಾರಿಕೊಂಡಾ?’

‘ಮೊದಲು ಆ ಕತ್ತಿ ನನ್ನ ಗಂಟಲಿಂದ ತೆಗಿ’ ಅಂದರು. ಅರ್ಧ ಗಡ್ಡದಲ್ಲೇ ಎದ್ದುಹೋದರು ಅಪ್ಪ. ಇವತ್ತಿಗೂ ಎದುರಿಗೆ ಸಿಕ್ಕರೆ ಬೀದಿಯ ಆ ಬದಿಗೆ ದಾಟುತ್ತಾರೆ.

ಅಲ್ಲಿಂದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ತಲೆ ಎತ್ತದೆ ಹೇಳಿದರು, ‘ವಯಸ್ಸಾದವರ ಚರ್ಮ ತೆಳು. ಮುಟ್ಟಿದ್ರೆ ನೀಲಿಗಟ್ಟುತ್ತೆ.’

‘ಮುಟ್ಟಿದ್ರೆ ಕೂದಲೂ ಕಿತ್ತು ಬರುತ್ತಾ ಡಾಕ್ಟ್ರೇ?’

ಆಗ ತಲೆ ಎತ್ತಿದರು. ‘ಎಷ್ಟನೇ ಕ್ಲಾಸ್ ತನಕ ಓದಿದೀಯ?’

‘ಒಂಬತ್ತು.’

‘ಹತ್ತು ಮುಗಿಸಿ ಬಾ. ಆಮೇಲೆ ನನಗೆ ಪಾಠ ಮಾಡುವಿಯಂತೆ.’

ನನಗೆ ಬಂದ ಸಿಟ್ಟಿಗೆ ಆ ಮೇಜಿನ ಮೇಲಿನ ಪ್ಲಾಸ್ಟಿಕ್ ಕಿಡ್ನಿಯನ್ನು ಎತ್ತಿ ಒಗೆಯಬೇಕು ಅನ್ನಿಸಿತು. ಒಗೆಯಲಿಲ್ಲ. ಬಾಗಿಲನ್ನು ಮಾತ್ರ ಧಡ್ಡನೆ ಮುಚ್ಚಿದೆ. ಮುಚ್ಚಿದ ಮೇಲೆ ಬಾಗಿಲ ಹಿಂದಿನ ಗೋಡೆಯಲ್ಲಿ ಒಂದು ಪೋಸ್ಟರ್ ಕಂಡಿತು: ಹಿರಿಯರ ಮೇಲೆ ದೌರ್ಜನ್ಯ ಕಂಡರೆ ಈ ನಂಬರಿಗೆ ಕರೆ ಮಾಡಿ. ನೋಡಿದೆಯಾ? ದಿನವಿಡೀ ತೆರೆದಿರುವ ಬಾಗಿಲಿನ ಹಿಂದೆ ಅಂಟಿಸಿದ್ದಾರೆ. ಯಾರಿಗೂ ಕಾಣಬಾರದು ಅಂತ ಯೋಚನೆ ಮಾಡಿ ಅಂಟಿಸಿದರೂ ಅಷ್ಟು ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಆ ನಂಬರಿಗೆ ಮಾಡಿದೆ. ಒಬ್ಬ ಹೆಂಗಸು ಎತ್ತಿದರು. ನಾನು ಮೊದಲೇ ಹೇಳಿದೆ, ‘ಮೇಡಂ, ನಾನು ಹೆಚ್ಚು ಓದಿಲ್ಲ, ನನ್ನ ಹತ್ತಿರ ಸಾಕ್ಷಿ ಇಲ್ಲ, ಅಜ್ಜ ಬೇಡ ಅಂತಿದ್ದಾರೆ.’

‘ಸಾಕ್ಷಿ ಹುಡುಕೋದು ನಮ್ಮ ಕೆಲಸ. ನೀವು ಕಂಡದ್ದನ್ನ ಹೇಳಿ ಸಾಕು. ಅನುಮಾನ ಆದ್ರೂ ಪರವಾಗಿಲ್ಲ’ ಅಂದರು. ಒಂದೊಂದಾಗಿ ಕೇಳಿದರು. ತೂಕ ಇಳಿದಿದೆಯಾ? ನಿಮ್ಮ ಜೊತೆ ಒಬ್ಬರೇ ಮಾತಾಡೋಕೆ ಬಿಡ್ತಾರಾ, ಪ್ರಶ್ನೆ ಕೇಳಿದ್ರೆ ಮಗನೇ ಉತ್ತರ ಹೇಳ್ತಾರಾ? ಕನ್ನಡಕ, ಕಿವಿ ಮಷೀನು ಅವರ ಹತ್ತಿರ ಇದೆಯಾ? ಹಗಲಲ್ಲಿ ಮಂಪರಾ? ಕೈ ಎತ್ತಿದ್ರೆ ಬೆದರ್ತಾರಾ? ಅಪ್ಪ, ನಾನು ಹೂಂ, ಹೂಂ ಅನ್ನುತ್ತಾ ಅತ್ತುಬಿಟ್ಟೆ. ನಾನು ಕಂಡಿದ್ದನ್ನೆಲ್ಲ ಯಾರೋ ಮೊದಲೇ ಕಂಡು ಪಟ್ಟಿ ಮಾಡಿ ಇಟ್ಟಿದ್ದರು. ಹಾಗಾದರೆ ಎಷ್ಟು ಮನೆಗಳಲ್ಲಿ ನಡೆಯುತ್ತಿರಬೇಕು! ‘ನಿಮ್ಮ ಹೆಸರು ಯಾರಿಗೂ ಹೇಳಲ್ಲ’ ಅಂದರು. ‘ಹೇಳಿದ್ರೂ ಹೇಳಿ’ ಅಂದೆ.

ಫೆಬ್ರವರಿ ಎರಡನೇ ವಾರ ಹಿರಿಯ ನಾಗರಿಕರ ಕಚೇರಿಯ ಅಧಿಕಾರಿ ಮೇಡಂ ಬಂದರು. ನಾನು ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಮೆಟ್ಟಿಲನ್ನೇ ನೋಡುತ್ತಿದ್ದೆ. ಇಪ್ಪತ್ತೈದು ನಿಮಿಷಕ್ಕೆ ಇಳಿದರು. ಮೆಡಿಕಲ್ ಸಾರ್ ಬೀದಿಯ ತನಕ ಬಂದು ಕೈಮುಗಿದು ಕಳಿಸಿದರು.

ಸಂಜೆ ಮೇಡಂ ನನಗೆ ಫೋನ್ ಮಾಡಿದರು. ‘ಅಜ್ಜ ಶುಚಿಯಾಗಿದ್ರು. ಕಿವಿ ಮಷೀನೂ ಇತ್ತು. ಚೆನ್ನಾಗಿದೀನಿ ಅಂದ್ರು. ಮಗ ಪಕ್ಕದಿಂದ ಕದಲಲಿಲ್ಲ, ಅದನ್ನ ಬರ್ಕೊಂಡಿದೀನಿ. ಮೈ ಮೇಲೆ ಏನೂ ಕಾಣಲಿಲ್ಲ. ತಲೆ ಅಂತೂ, ಎಷ್ಟು ಅಚ್ಚುಕಟ್ಟಾಗಿ ಕಟಿಂಗ್ ಮಾಡ್ಸಿದಾರೆ ಅಂದ್ರೆ...’

ಮುಂದಿನದು ನನಗೆ ಕೇಳಿಸಲಿಲ್ಲ. ಕಾನ್‌ಸ್ಟೆಬಲ್ಲನ್ನು ಬೈದಿದ್ದೆ, ಡಾಕ್ಟರನ್ನು ಬೈದಿದ್ದೆ, ಬಾಗಿಲ ಹಿಂದಿನ ಪೋಸ್ಟರನ್ನು ಬೈದಿದ್ದೆ. ಕೊನೆಗೆ ಕಾನೂನು ಅಂತ ಒಂದು ಆ ಮೆಟ್ಟಿಲು ಹತ್ತಿ ಬಂದಾಗ ಅದರ ಕಣ್ಣಿಗೆ ಅಡ್ಡ ನಿಂತದ್ದು ನನ್ನ ಕತ್ತರಿ. ‘ಮೇಡಂ, ಆ ಕಟಿಂಗ್ ಮಾಡಿದ್ದು ನಾನೇ. ಅದರ ಕೆಳಗೇ ಇದೆ’ ಅಂತ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ‘ಮತ್ತೆ ಯಾವಾಗ ಹೋಗ್ತೀರಿ?’ ಅಂದರು. ಕೊನೆಯ ಭಾನುವಾರ ಅಂದೆ. ‘ರಜೆ ದಿನ. ಆಗಲಿ, ಡಾಕ್ಟರನ್ನೂ ಕರ್ಕೊಂಡು ಹನ್ನೊಂದೂವರೆಗೆ ಬರ್ತೀನಿ. ಆದ್ರೆ ಒಂದು ಮಾತು. ಅವರನ್ನ ಕೇಳದೆ ಏನೂ ಮಾಡಬೇಡಿ. ಅವರ ತಲೆ ಅದು.’

ಭಾನುವಾರ ಅಂದರೆ ನಮಗೆ ಗಿರಾಕಿಗಳ ಸಾಲು. ಬಾಗಿಲು ಹಾಕಿಕೊಂಡು ಹೊರಟಾಗ ನಾಲ್ಕು ಜನ ಗೊಣಗಿದರು. ಪಕ್ಕದ ಅಂಗಡಿಯ ಟೈಲರ್ ಅತ್ತೆ ಹೊಲಿಗೆ ಮಿಷನ್ನಿನಿಂದಲೇ, ‘ಎಲ್ಲಿಗೇ ಹೊರಟೆ ಡಬ್ಬಿ ಹೊತ್ಕೊಂಡು? ಮುಖ ಯಾಕೆ ಸುಟ್ಟ ಬನ್ನಿನ ಹಾಗಿದೆ?’ ಅಂತ ಕೇಳಿದರು. ಬಂದು ಹೇಳುತ್ತೇನೆ ಅಂದೆ.

ಮೆಡಿಕಲ್ ಸಾರ್ ಅಂಗಡಿಯಲ್ಲೇ ಇದ್ದರು, ಗಿರಾಕಿಗಳಿದ್ದರು. ‘ಹೋಗಮ್ಮ, ಬೇಗ ಮುಗಿಸು. ಈ ಸಲ ಬಲಗಡೆ ಸ್ವಲ್ಪ ನೋಡ್ಕೋ’ ಅಂದರು. ಅಷ್ಟು ಸಲೀಸಾಗಿ! ಅಂಗಿಯ ಬಟನ್ ಬಿದ್ದಿದೆ ಅನ್ನುವ ಹಾಗೆ.

ಚಿಲಕ ತೆಗೆದು ಒಳಗೆ ಹೋದೆ. ಪೇಪರು ಹಾಸಿದೆ. ಅಂಚಿನಲ್ಲಿ ದೊಡ್ಡದಾಗಿ ಬರೆದೆ: ನಾನು ಮೂರು ಸಲ ಮುಚ್ಚಿದೆ, ತಪ್ಪು ಮಾಡಿದೆ. ಇವತ್ತು ಆ ಮೇಡಂ ಡಾಕ್ಟರ ಜೊತೆ ಮತ್ತೆ ಬರುತ್ತಾರೆ. ನಿಮ್ಮ ಮಗಳೂ ಬರುತ್ತಾಳೆ. ಮುಚ್ಚಲೇ, ತೆಗೆಯಲೇ? ನೀವು ಹೇಳಿದ ಹಾಗೆ.

ಓದಿದರು. ಇನ್ನೊಮ್ಮೆ ಓದಿದರು. ಬೆರಳಿನಿಂದ ತಲೆಯನ್ನು ಅಲ್ಲಲ್ಲಿ ಮುಟ್ಟಿಕೊಂಡರು, ಪರರ ತಲೆ ಮುಟ್ಟುವ ಹಾಗೆ. ಕೆಳಗೆ ಮಗ ಯಾರಿಗೋ, ‘ಊಟ ಆದ್ಮೇಲೆ ತಗೋಬೇಕು ಅಜ್ಜಿ, ಖಾಲಿ ಹೊಟ್ಟೇಲಿ ಬೇಡ’ ಅಂತ ಹೇಳುವುದು ಕೇಳಿಸುತ್ತಿತ್ತು. ನನಗೆ ಮಾತ್ರ. ಅಜ್ಜನಿಗೆ ಕೇಳಿಸುತ್ತಿರಲಿಲ್ಲ.

‘ಅವನು ಜೈಲಿಗೆ ಹೋಗ್ತಾನಾ?’ ಅಂದರು.

ಗೊತ್ತಿಲ್ಲ ಅಂತ ಬರೆದೆ. ಸುಳ್ಳು ಸಮಾಧಾನ ಬರೆಯಲು ಕೈ ಬರಲಿಲ್ಲ.

‘ಸಣ್ಣವನಿದ್ದಾಗ ಎಂಜಿನ್ನಲ್ಲಿ ನನ್ನ ತೊಡೆ ಮೇಲೆ ಕೂತು ಸೀಟಿ ಹೊಡೀತಿದ್ದ’ ಅಂದರು. ತುಂಬ ಹೊತ್ತು ಕಿಟಕಿಯ ಕಡೆ ನೋಡಿದರು. ನಾನು ಕಟಿಂಗ್ ಮಷೀನನ್ನು ಕೈಗೆತ್ತಿಕೊಳ್ಳಲಿಲ್ಲ. ಬೇಡ ಅಂದರೆ ಡಬ್ಬಿ ಕಟ್ಟಿಕೊಂಡು ಇಳಿಯುವುದು, ಬಾಚುವುದಂತೂ ಇಲ್ಲ ಅಂತ ನಿರ್ಧಾರ ಮಾಡಿದ್ದೆ. ಕೊನೆಗೆ ಅವರೇ ಹೆಗಲ ಮೇಲೆ ಬಟ್ಟೆ ಎಳೆದುಕೊಂಡರು. ‘ಮುಚ್ಚಳ ತೆಗೀದೆ ಯಾವ ಎಂಜಿನ್ನೂ ರಿಪೇರಿ ಆಗಲ್ಲ. ಬೋಳಿಸಿಬಿಡು.’

ಬೋಳಿಸಿದೆ ಅಪ್ಪ. ಮೊದಲು ಮಷೀನು, ಆಮೇಲೆ ರೇಜರು. ಅಷ್ಟು ನಿಧಾನವಾಗಿ ನನ್ನ ಜೀವಮಾನದಲ್ಲಿ ಕೆಲಸ ಮಾಡಿಲ್ಲ. ಒಂದೊಂದು ಪಟ್ಟಿ ತೆಗೆದಂತೆ ಒಂದೊಂದು ಬಂತು. ಎಡಗಿವಿಯ ಮೇಲೆ ಮೂರು ಗೆರೆ, ಹಳೆಯದು ಬೆಳ್ಳಗೆ, ಹೊಸದು ಕೆಂಪಗೆ. ಹಿಂದಲೆಯಲ್ಲಿ ಕಿತ್ತ ಜಾಗಗಳು, ಒಂದೇ ಅಂದುಕೊಂಡಿದ್ದೆ, ಐದಿದ್ದವು. ಬಲಗಡೆ ಈ ವಾರದ್ದು, ಇನ್ನೂ ಊತ ಇಳಿದಿರಲಿಲ್ಲ. ಕನ್ನಡಿ ಹಿಡಿಯಲೇ ಅಂತ ಸನ್ನೆ ಮಾಡಿದೆ. ಬೇಡ ಅಂದರು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಮಗಳು ಬೇಗ ಬಂದಿದ್ದಳು, ತಮ್ಮ ಅವಳ ಚೀಲ ಹಿಡಿದುಕೊಂಡು ಮುಂದೆ. ಮೆಡಿಕಲ್ ಸಾರ್ ಬಾಗಿಲಲ್ಲಿ ಅಪ್ಪನ ತಲೆ ನೋಡಿದರು. ಚೀಲ ಕೆಳಗೆ ಬಿತ್ತು.

‘ಏನು ಮಾಡಿದೀಯ?’

ಆ ದನಿ ನಾನು ಕೇಳಿರಲಿಲ್ಲ. ಕೇಳಿದ್ದು ನನ್ನನ್ನೇ ಇರಬೇಕು. ಆದರೆ ಬಂದದ್ದು ಅಪ್ಪನ ಕಡೆಗೆ, ಕೈ ಎದ್ದದ್ದೂ ಅಪ್ಪನ ಮೇಲೆ. ಅದು ಬೀಳಲಿಲ್ಲ. ಬೀಳುವುದಕ್ಕೆ ಮೊದಲೇ ಅಜ್ಜ ಎರಡೂ ಅಂಗೈಯಲ್ಲಿ ತಮ್ಮ ಬೋಳುತಲೆಯನ್ನು ಮುಚ್ಚಿಕೊಂಡು ಕುಗ್ಗಿದರು. ಮಗಳು ತಮ್ಮನ ಹಿಂದೆಯೇ ನಿಂತಿದ್ದಳು. ಎದ್ದ ಕೈ ನೋಡಿದಳು, ಮುಚ್ಚಿಕೊಂಡ ಕೈ ನೋಡಿದಳು.

‘ಯಾಕೋ ಹಾಗೆ ಹೆದರ್ತಾರೆ ನಿನಗೆ?’ ಅಂದಳು. ಹೋಗಿ ಅಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಆಮೇಲೆ ಅವಳು ಅತ್ತದ್ದನ್ನು ನಾನು ಬರೆಯುವುದಿಲ್ಲ.

ಮೇಡಂ ಹನ್ನೊಂದೂವರೆಗೆ ಸರಿಯಾಗಿ ಬಂದರು. ಮಗನನ್ನು ಹೊರಗೆ ಕೂರಿಸಿ, ಅಜ್ಜನ ಕಿವಿಗೆ ಮಷೀನು ಹಾಕಿಸಿ (ಅದು ಅಂಗಡಿಯ ಡ್ರಾದಲ್ಲಿತ್ತು, ಬ್ಯಾಂಡೇಜ್ ಸುರುಳಿಗಳ ಹಿಂದೆ) ಮೆಲ್ಲಗೆ ಕೇಳಿದರು. ಅಜ್ಜ ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: ‘ಮೂವತ್ತೆಂಟು ವರ್ಷ ಗಾಡಿ ಓಡಿಸಿದೀನಿ. ಕೆಂಪು ಸಿಗ್ನಲ್ಲನ್ನ ಹಸಿರು ಅಂತ ಒಂದು ದಿನಾನೂ ಬರೆದವನಲ್ಲ. ಬಿದ್ದೆ ಬಿದ್ದೆ ಅಂತ ಹೇಳಿ ಸಾಕಾಯ್ತು. ನಾನು ಬಿದ್ದಿಲ್ಲ. ನನ್ನ ಮಗ ಹೊಡೀತಾನೆ.’

ಹೊರಗೆ ಮೆಟ್ಟಿಲ ಮೇಲೆ ಮೆಡಿಕಲ್ ಸಾರ್ ಮುಖ ಮುಚ್ಚಿಕೊಂಡು ಕೂತಿದ್ದರು. ನಾನು ಡಬ್ಬಿ ಹಿಡಿದು ಇಳಿಯುವಾಗ, ‘ಹದಿನಾಲ್ಕು ವರ್ಷ ನಾನೊಬ್ಬನೇ ನೋಡ್ಕೊಂಡೆ. ನನಗೂ ಸಾಕಾಗಿತ್ತು’ ಅಂದರು. ಸಾಕಾಗಿದ್ದು ನಿಜವೇ ಇರಬಹುದು ಅಪ್ಪ. ಸಾಕಾದವನು ಸಾಕಾಯಿತು ಅಂತ ಅಕ್ಕನಿಗೆ ಹೇಳಬೇಕಿತ್ತು, ತಿಂಗಳಿಗೊಮ್ಮೆ ಎದುರಿಗೇ ಬರುತ್ತಿದ್ದಳಲ್ಲ! ಅವಳಿಗೆ ತಲೆ ಬಾಚಿ ತೋರಿಸುವ ಬದಲು ಬಾಯಿ ಬಿಡಬಹುದಿತ್ತು. ಹೇಳಿದ್ದರೆ ಊರಿನ ಹೊಗಳಿಕೆ ಹೋಗುತ್ತಿತ್ತು, ಅಷ್ಟೇ ತಾನೇ?

ಈಗ ಅಜ್ಜ ಮಗಳ ಮನೆಯಲ್ಲಿದ್ದಾರೆ. ಮಗ ಕೊಡುತ್ತಿದ್ದ ಮಂಪರಿನ ಮಾತ್ರೆ ನಿಲ್ಲಿಸಿದ್ದಾರೆ. ಕೇಸು ನಡೆಯುತ್ತಿದೆ. ಔಷಧಿ ಅಂಗಡಿ ತೆರೆದೇ ಇದೆ, ಜನ ಹೋಗುತ್ತಲೇ ಇದ್ದಾರೆ. ಖಾಲಿಯಾಗಿರುವುದು ನಮ್ಮ ಕುರ್ಚಿಗಳು. ತಲೆ ಮುಟ್ಟುವವರು ಬಾಯಿ ಮುಚ್ಚಿಕೊಂಡಿರಬೇಕು ಅಂತ ಮಾತು. ‘ಇವತ್ತು ಅವರ ಮನೆ ಹೇಳಿದ್ಲು, ನಾಳೆ ನಮ್ಮದು ಹೇಳ್ತಾಳೆ’ ಅಂತ ಬೇಕರಿಯವರು ನನ್ನ ಮುಖಕ್ಕೇ ಅಂದರು. ‘ನಿಮ್ಮ ಮನೇಲಿ ಹೇಳೋಂಥದ್ದು ಏನಿದೆ?’ ಅಂತ ಕೇಳಿದೆ. ಮುದುಕನೊಬ್ಬ ಕೋಣೆಯಲ್ಲಿ ಬಾಯಾರಿ ಕೂತಿದ್ದಾಗ ಯಾರಿಗೂ ಬರದ ಸಿಟ್ಟು, ಅದನ್ನು ಹೇಳಿದವಳ ಮೇಲೆ ಎಲ್ಲರಿಗೂ ಬಂತು. ಟೈಲರ್ ಅತ್ತೆ ಒಬ್ಬರೇ ಮೊನ್ನೆ ಮಿಷನ್ ನಿಲ್ಲಿಸಿ ಬಂದು, ಗಂಡಸರ ಕುರ್ಚಿಯಲ್ಲಿ ಧೊಪ್ಪನೆ ಕೂತು, ‘ತುದಿ ಕತ್ತರಿಸು. ಬಾಗಿಲು ತೆರೆದಿಟ್ಟೇ ಕತ್ತರಿಸು, ನೋಡೋರು ನೋಡಲಿ’ ಅಂದರು.

ನಿನ್ನ ನಿಯಮ ಮುರಿದೆ ಅಂತ ನಿನಗೆ ಬೇಸರವಾಗಿರಬಹುದು. ಹೇನು, ಹುಣ್ಣು, ವಿಗ್ಗು, ಅವೆಲ್ಲ ಇನ್ನು ಮುಂದೆಯೂ ನನ್ನ ಹೊಟ್ಟೆಯಲ್ಲೇ ಇರುತ್ತವೆ. ಏಟು ಮಾತ್ರ ಇರುವುದಿಲ್ಲ.

ಅಕ್ಕನಿಗೆ ನನ್ನ ನೆನಪು ಹೇಳು. ಹುಲಿಮರಿಗೆ ಎರಡೂ ಕೆನ್ನೆಗೆ ಒಂದೊಂದು ಮುತ್ತು. ನೀನು ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಕೈ ನಡುಕ ಇಳಿದು ನೂರು ವರ್ಷ ಬಾಳು. ನನ್ನ ತಲೆಯ ಮೇಲೆ ಕೈಯಿಟ್ಟು ಹರಸು, ಇವತ್ತು ಅದು ನನಗೆ ಬೇಕು.

ನಿನ್ನ ಮಗಳು,
ಪಾದರಸ

ಮ.ವಿ.: ಇಷ್ಟಕ್ಕೇ ಲಕೋಟೆ ಅಂಟಿಸಿದ್ದೆ. ಮತ್ತೆ ಒಡೆದೆ. ಇದನ್ನು ಬರೆಯದಿದ್ದರೆ ಮೇಲಿನದೆಲ್ಲ ಸುಳ್ಳಾಗುತ್ತದೆ.

ಶನಿವಾರ ಅಜ್ಜನನ್ನು ನೋಡಲು ಹೋಗಿದ್ದೆ. ಕೂದಲು ಸ್ವಲ್ಪ ಚಿಗುರಿದೆ. ತಲೆ ಸವರಿಕೊಳ್ಳುತ್ತಾ ತಮಾಷೆಗೆ ಅಂದರು, ‘ಏನೇ ಅನ್ನು ಪಾದರಸ, ಮುಚ್ಚೋದ್ರಲ್ಲಿ ನಿಮ್ಮಪ್ಪನ ಕೈ ನಿನಗೆ ಬರಲ್ಲ. ಎರಡು ವರ್ಷ ಮುಚ್ಚಿದ, ಒಂದು ಸಲಾನೂ ಮಗಳಿಗೆ ಗೊತ್ತಾಗಲಿಲ್ಲ.’ ದ್ವೇಷದಿಂದ ಹೇಳಲಿಲ್ಲ. ಹೊಗಳಿಕೆಯ ಹಾಗೆ ಹೇಳಿದರು. ಅದಕ್ಕೇ ನನಗೆ ಸುಳ್ಳು ಅನ್ನಿಸಲಿಲ್ಲ.

ನೀನು ನನಗೆ ಅವರ ಕೆಲಸ ಒಪ್ಪಿಸಿದಾಗ, ಎಡಗಡೆ ಸ್ವಲ್ಪ ಉದ್ದ ಬಿಡು, ಅವರಿಗೆ ಹಾಗೇ ರೂಢಿ ಅಂದಿದ್ದೆ. ಅದು ಅಜ್ಜನ ಷೋಕಿ ಅಂತ ನಾನು ನಂಬಿದ್ದೆ. ನವೆಂಬರಿನ ತನಕ ಆ ಕೂದಲನ್ನು ಎತ್ತಿಯೂ ನೋಡಿರಲಿಲ್ಲ.

ನಿನ್ನೆ ಮೇಡಂ ನನ್ನ ಹೇಳಿಕೆ ಬರೆದುಕೊಂಡರು. ‘ನಿಮಗಿಂತ ಮೊದಲು ಯಾರು ಕಟಿಂಗ್ ಮಾಡ್ತಿದ್ರು?’ ಅಂತ ಕೇಳಿದರು. ಲೋಟದ ನೀರು ಪೂರ್ತಿ ಕುಡಿದೆ. ಆಮೇಲೆ ನಿನ್ನ ಹೆಸರು ಹೇಳಿದೆ, ಅಕ್ಕನ ಮನೆ ವಿಳಾಸವನ್ನೂ ಕೊಟ್ಟೆ. ಗುರುವಾರ ನಿನ್ನನ್ನು ಕೇಳಲು ಬರುತ್ತಾರೆ. ಕೈ ನಡುಗುತ್ತದೆ, ನೆನಪಿಲ್ಲ, ವಯಸ್ಸಾಯಿತು ಅಂತ ಹೇಳಬೇಡ ಅಪ್ಪ. ಕಂಡದ್ದನ್ನು ಹೇಳು. ನನಗೆ ನಿನ್ನ ಮೇಲೆ ಎಷ್ಟು ಸಿಟ್ಟಿದೆ ಅಂದರೆ, ಬರೆಯುವಾಗ ಪೆನ್ನು ಹಾಳೆಯನ್ನು ಎರಡು ಕಡೆ ಹರಿದಿದೆ, ನೋಡು. ಆದರೂ ಅವರು ಕೇಳುವಾಗ ನೀನು ಒಬ್ಬನೇ ಕೂತಿರಬಾರದು.

ಈ ಪತ್ರವನ್ನು ಮಧ್ಯಾಹ್ನದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ, ಸಂಜೆಗೆ ನಿನಗೆ ಸಿಗುತ್ತದೆ. ನಾನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.